ಮತ್ತೊಮ್ಮೆ ಒತ್ತಿ

ಮಂಗಳವಾರ ಶಿಡ್ಲಘಟ್ಟ ನನ್ನ ಪಾಲಿಗೆ.
ಬೈಕಿನ ಟ್ಯಾಂಕಿನ ಮೇಲೆ ಚೀಲ, ಚೀಲದಲ್ಲಿ ಯಂತ್ರ,
ಬೆಂಕಿಪೊಟ್ಟಣದಷ್ಟೇ, ಹೊಟ್ಟೆಯೊಳಗೆ ಕೆಂಪು ದೀಪ.
ಗೂಡಿನ ಮಾರುಕಟ್ಟೆ ದಾಟುವಾಗಲೇ
ಬೆಂದ ಹುಳದ ವಾಸನೆ ಅಂಗಿಗೆ ಹತ್ತಿ
ಚಿಂತಾಮಣಿಯ ನನ್ನ ರೂಮಿನವರೆಗೂ
ಹಿಂದೆಯೇ ಬರುತ್ತದೆ, ಬಾಕಿಯ ಹಾಗೆ.

ಐದು ಜನ ಸೇರಿದರೆ ಒಂದು ಗುಂಪು,
ಒಬ್ಬರಿಗೊಬ್ಬರು ಜಾಮೀನು.
ಆಸ್ತಿ ಎಂಬಲ್ಲಿ ಗೆರೆ ಎಳೆದು ಬಂದವರೇ ಎಲ್ಲ.
ಪಂಕ್ಚರ್ ಅಂಗಡಿಗೆ ಹೆಸರು ಮಾತ್ರ ಇಟ್ಟುಕೊಂಡ ಕದಿರೇಶ,
ಹದಿನೆಂಟು ತುಂಬಿದ ದಿನವೇ
ಬಾಲಮಂದಿರದ ಗೇಟಿನಾಚೆ ನಿಂತ ಅಶ್ವತ್ಥ,
ಹೊಲಿಗೆಯ ಯಶೋದೆ, ಕಿವಿ ಕೇಳದ ಮುನಿರತ್ನ,
ಕೊನೆಗೆ, ಬಾಗಿಲ ಬಳಿ, ನಗೀನಾ.

ಹೆಬ್ಬೆಟ್ಟಿಡು ಅಂದೆ. ಇಟ್ಟಳು.
ಯಂತ್ರ ಅಂದಿತು: ಮತ್ತೊಮ್ಮೆ ಒತ್ತಿ.
ದುಪಟ್ಟಾಕ್ಕೆ ಒರೆಸಿ ಇಟ್ಟಳು. ಮತ್ತೊಮ್ಮೆ ಒತ್ತಿ.
ತೋರುಬೆರಳು. ನಡುಬೆರಳು.
ಮತ್ತೊಮ್ಮೆ, ಮತ್ತೊಮ್ಮೆ.

ಎಂಟನೇ ವಯಸ್ಸಿಗೆ ಕುದಿನೀರಿಗೆ ಕೈಹಾಕಿ
ಎಳೆಯ ತುದಿ ಹುಡುಕಿದವಳು.
"ಇನ್‌ಸ್ಪೆಕ್ಟರ್ ಬಂದರೆ ಅಟ್ಟ ಹತ್ತಿಸೋರು ಸಾರ್.
ಅಲ್ಲಿ ಬೆಚ್ಚಗಿರ್ತಿತ್ತು. ಒಳ್ಳೇ ನಿದ್ದೆ."
ನಗುತ್ತಲೇ ಅಂದಳು.
ಬೆರಳ ಗೆರೆಗಳೆಲ್ಲ ಬಾಣಲೆಯಲ್ಲಿ ಬಿಚ್ಚಿಕೊಂಡು
ಯಾರ್ಯಾರ ಮದುವೆ ಸೀರೆ ಸೇರಿದವೋ.

ಓದು ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಾರೆ ನಮ್ಮ ಕಡೆ.
ನನ್ನಪ್ಪನ ಅಡ್ಡಹೆಸರೇ ಅದೆಂದು
ಬಹಳ ದಿನ ತಿಳಿದಿದ್ದೆ ನಾನು.
ಇವಳಿಗೆ ಓದು ಬರುತ್ತದೆ,
ಕನ್ನಡದಲ್ಲೊಂದು ಉರ್ದುವಿನಲ್ಲೊಂದು ಸಹಿ ಬರುತ್ತದೆ.
ಹೆಬ್ಬೆಟ್ಟೇ ಇಲ್ಲ.

ಯಶೋದೆ ಕೊಬ್ಬರಿ ಎಣ್ಣೆ ತಂದಳು.
ಪ್ಯಾಚ್ ಹಾಕೋಣವಾ ಅಂದ ಕದಿರೇಶ, ಯಾರೂ ನಗಲಿಲ್ಲ.
ಒಂಬತ್ತನೆಯದು, ಎಡಗೈ ಉಂಗುರದ ಬೆರಳು,
ನೂಲು ತೆಗೆವಾಗ ಕೆಲಸವಿಲ್ಲದೆ
ಇಷ್ಟು ವರ್ಷ ಮಡಚಿಕೊಂಡೇ ಇದ್ದದ್ದು:
ಹಸಿರು ದೀಪ.
ಮೊದಲು ಚಪ್ಪಾಳೆ ತಟ್ಟಿದವಳು ಮುನಿರತ್ನ.

ಹದಿನೈದು ಸಾವಿರ.
ಚಿಟ್ಟೆ ಕೊರೆದು ಹೊರಟುಹೋದ ಗೂಡು
ನೂಲಿನವರಿಗೆ ಬೇಡ, ಎಳೆಯೆಲ್ಲ ತುಂಡು.
ಅದನ್ನೇ ಮೂಟೆಗಟ್ಟಲೆ ಕೊಂಡು ತಂದಳು,
ಕತ್ತರಿಸಿ, ಬಣ್ಣಕ್ಕೆ ಅದ್ದಿ, ಹಾರ ಕಟ್ಟಿದಳು.
ನಿವೃತ್ತ ಮೇಷ್ಟರ ಕೊರಳಿಗೆ, ಗೆದ್ದ ಸದಸ್ಯರ ಕೊರಳಿಗೆ,
ಒಮ್ಮೆ ಇಬ್ಬರು ಸೋತವರಿಗೂ, ಅರ್ಧ ಬೆಲೆಗೆ.
"ಹೂವಿಂದು ಸಂಜೆಗೆ ಸಾಯ್ತದೆ ಸಾರ್.
ಇದು ಸಾಯಲ್ಲ, ಇದರೊಳಗಿದ್ದದ್ದು ಆಗಲೇ ಹೋಗಿದೆಯಲ್ಲ."
ಆಮೇಲೆ, ಬಣ್ಣದ ನೀರು ತಣ್ಣಗಿರ್ತದೆ ಅಂದಳು.
ಎರಡು ಸಲ ಅಂದಳು.

ಹದಿನಾಲ್ಕನೇ ವಾರ ಅಶ್ವತ್ಥ ಬರಲಿಲ್ಲ.
ಪಾಪ್‌ಕಾರ್ನ್ ಗಾಡಿ ಯಾರಿಗೋ ಮಾರಿದ್ದನಂತೆ,
ಫೋನು ಸ್ವಿಚಾಫ್.
ಕಂತು ಪೂರ್ತಿಯಾಗುವ ತನಕ ಯಾರೂ ಏಳುವಂತಿಲ್ಲ.
ನಿಯಮ ಹೇಳುವಾಗ ನನ್ನ ದನಿ
ನನ್ನದಲ್ಲದ ಗಂಟಲಿನಿಂದ ಬರುತ್ತದೆ.
ಫ್ಯಾನು ತಿರುಗುತ್ತಿತ್ತು. ಯಶೋದೆ ಉಗುರು ಕಚ್ಚುತ್ತಿದ್ದಳು.
ಕದಿರೇಶ ಬೈದ: ಮೊದಲು ಅಶ್ವತ್ಥನನ್ನು, ಆಮೇಲೆ ನನ್ನನ್ನು,
ಆಮೇಲೆ ಆ ಗಾಡಿಯ ಚಕ್ರಕ್ಕೆ
ತಾನೇ ಪುಕ್ಕಟೆ ಹಾಕಿಕೊಟ್ಟ ಪ್ಯಾಚನ್ನು.

ನಗೀನಾ ಎದ್ದು ಒಳಗೆ ಹೋಗಿ
ಮುನ್ನೂರ ನಲವತ್ತು ತಂದಳು,
ಗುಲಾಬಿ ಬಣ್ಣ ಹತ್ತಿದ ನೋಟು, ಮೇಲೆ ಚಿಲ್ಲರೆ.
ಯಾರ ಹೆಸರಿಗೆ ಬರೀಲಿ ಅಂದೆ.
"ಅವನ ಹೆಸರಿಗೇ ಬರೀರಿ ಸಾರ್, ರಸೀದಿ.
ನನಗೆ ಅವನು ಹೆಂಗೂ ಕೊಡಬೇಕು, ಬಿಡಲ್ಲ.
ಆದರೆ ವಾಪಸ್ ಬಂದರೆ
ಇಲ್ಲಿ ಕೂರೋಕೆ ಅವನಿಗೊಂದು ಮುಖ ಇರಬೇಕಲ್ಲ."
ಬರೆದೆ. ಹಾಗೆ ಬರೆಯಬಹುದೋ ಬಾರದೋ
ನಿಯಮದ ಪುಸ್ತಕ ತೆರೆಯಲಿಲ್ಲ.

ಸಂಜೆ ಆಫೀಸಿನ ಬಾಗಿಲಲ್ಲಿ
ಹಾಜರಿಗೆ ಹೆಬ್ಬೆಟ್ಟಿಟ್ಟೆ.
ನೋಟಿನ ಬಣ್ಣ ಇನ್ನೂ ಅಂಟಿತ್ತು.
ಆದರೂ ಮೊದಲ ಸಲಕ್ಕೇ ಗುರುತು ಹಿಡಿಯಿತು,
ನನ್ನ ಹೆಸರು ಹೇಳಿತು,
ಒಳಗೆ ಬಿಟ್ಟಿತು.