ಮರಳಿ ಬಂದದ್ದು

ರುಸ್ತಾವಿಯ ಕಾರುಸಂತೆಯ ಹಿಂದೆ ಮೂರನೇ ಶೆಡ್ಡು ನನ್ನದು.
ಬೆಳಿಗ್ಗೆಯೇ ತಳ್ಳಿಸಿಕೊಂಡು ಬಂದರು ಲಮ್ಜಿರಾ ಟೀಚರು
ತಮ್ಮ ಬೂದು ಕೊರೊಲ್ಲಾವನ್ನು.
ಕೀ ಇದೆ, ಕಾಗದಪತ್ರ ಇದೆ, ಸಾಲವೂ ತೀರಿದೆ;
ಕಾರು ಮಾತ್ರ ನೀನ್ಯಾರೋ ಗೊತ್ತಿಲ್ಲ ಅನ್ನುತ್ತಿದೆ.
ಡ್ಯಾಶಿನ ಮೇಲೆ ಸಾಸಿವೆಯಷ್ಟು ಕೆಂಪು ದೀಪ
ರೆಪ್ಪೆ ಬಡಿಯುತ್ತದೆ, ನಿದ್ದೆಗೆಟ್ಟ ಕಾವಲುಗಾರನ ಹಾಗೆ.

ಸ್ಟೇರಿಂಗಿನ ಕೆಳಗೆ ಕೈ ತೂರಿಸಿ ಸ್ಕ್ಯಾನರು ಚುಚ್ಚಿದೆ.
ಎರಡು ಕೋಡು.
ಬಿ ಇಪ್ಪತ್ತೇಳು ತೊಂಬತ್ತೈದು: ಈ ಕೀ ನನ್ನದಲ್ಲ.
ಬಿ ಇಪ್ಪತ್ತೇಳು ತೊಂಬತ್ತಾರು: ಕೀ ಮಾತೇ ಆಡುತ್ತಿಲ್ಲ.
ಬಾಯಿಬಿಡದವನ ಗುರುತು ಸುಳ್ಳೆಂದು
ಹೇಗೆ ಹೇಳುತ್ತೀಯ ಮಾರಾಯ?
ಒಂದು ಹಳೆಯದಿರಬೇಕು. ಎಂದೋ ಆದ ಜಗಳ,
ಕಾರು ಮರೆಯದೆ ಇಟ್ಟುಕೊಂಡಿದೆ.

ಇಂಥದ್ದಕ್ಕೆ ನನ್ನ ಪದ್ಧತಿ ಒಂದೇ:
ಎಲ್ಲ ಅಳಿಸು. ಕೀ ತಿರುವು. ಕಾದು ನೋಡು.
ಮರಳಿ ಬಂದದ್ದು ಮಾತ್ರ ಕಾಯಿಲೆ.

ತೊಂಬತ್ತಾರು ಮರಳಿತು.

ಕೀ ತೂರುವ ತೂತಿನ ಸುತ್ತ ಬಳೆಯಂಥ ತಾಮ್ರದ ಸುರುಳಿ.
ಬಿಚ್ಚಿದರೆ ಹಸಿರು ಕಿಲುಬು, ಪಿನ್ನುಗಳ ಸಂದಿಯಲ್ಲಿ ಒಣಮಣ್ಣು:
ಲೂಯಿಸಿಯಾನಾದ ನೆರೆಯಲ್ಲಿ ಮುಳುಗಿ, ಹರಾಜಾಗಿ,
ಹಡಗು ಹತ್ತಿ ಪೋತಿ ಬಂದರಿಗೆ ಇಳಿದ ಗಾಡಿ.
ಕೂದಲೆಳೆಯಂಥ ತಂತಿ ಕಡಿದಿತ್ತು. ಬೆಸೆದೆ.
ಅನುಮಾನಕ್ಕೆಂದು ಕೀಯನ್ನು ಹೊಸದಾಗಿ ಪರಿಚಯಿಸಿದೆ.
"ಹದಿನಾರು ನಿಮಿಷ ಕೂತಿರಿ, ಟೀಚರ್.
ನಂಬುವುದಕ್ಕೆ ಅದಕ್ಕೆ ಅಷ್ಟು ಬೇಕು."

ಚಹಾ ಊದುತ್ತ ಅವರೆಂದರು:
"ತೊಂಬತ್ತಮೂರರಲ್ಲಿ ಅಪ್ಪನ ಝಿಗುಲಿ ಹೋಯಿತು.
ಆಗ ಇದೆಲ್ಲ ಎಲ್ಲಿತ್ತು?
ಪೆಡಲಿನಿಂದ ಸ್ಟೇರಿಂಗಿಗೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದ, ಪಾಪ."

ಆ ಸರಪಳಿಗೆ ಎಷ್ಟು ಹೊತ್ತು ಬೇಕೆಂದು
ನನ್ನ ಬಲಗೈಗೆ ಗೊತ್ತು.

"ಯಾವ ಬಣ್ಣ?" ಅಂದೆ. ಕೇಳಬಾರದಿತ್ತು.
"ನೀಲಿ."

ನಾನು ಒಯ್ದವು ಮೂರು. ನೀಲಿ ಇರಲಿಲ್ಲ, ಇರಲಿಕ್ಕಿಲ್ಲ.
ಆದರೆ ಆ ಚಳಿಗಾಲ ಊರಿಗೇ ಕರೆಂಟಿರಲಿಲ್ಲ;
ಕತ್ತಲಲ್ಲಿ ಎಲ್ಲ ಕಾರೂ ಒಂದೇ ಬಣ್ಣ.

ಕೆಂಪು ದೀಪ ಆರಿತು. ಎಂಜಿನ್ನು ಒಮ್ಮೆ ಕೆಮ್ಮಿ ಹಿಡಿಯಿತು.
ಬೇಡವೆಂದರೂ ಕೇಳದೆ ಟೀಚರು
ಎರಡು ನೋಟು ಬೆಂಚಿನ ಮೇಲಿಟ್ಟು, ಗಾಳಿಗೆ ಹಾರದಂತೆ
ನನ್ನದೇ ಸ್ಕ್ರೂಡ್ರೈವರನ್ನು ಅದರ ಮೇಲೆ ಹೇರಿ
ಹೊರಟುಹೋದರು.

ಸ್ಕ್ಯಾನರಿನ ವೈರು ಸುತ್ತುತ್ತ ನಿಂತಿದ್ದೇನೆ.
ಎಲ್ಲ ಅಳಿಸಿ ಮೂವತ್ತು ವರ್ಷವಾಗಿತ್ತು.
ನೀಲಿ.