ಎರಡನೇ ಮಗ್ಗಲು

ಗದಗ ರೋಡಿನ ರೇಲ್ವೆ ಕ್ವಾರ್ಟರ್ಸ್ ಬಿಡುವಾಗ
ರೆಬೆಲೊ ಗಾರ್ಡ್ ತೂಕಕ್ಕೆ ಹಾಕಿದ ಜಾಝ್ ಪ್ಲೇಟುಗಳು,
ಒಬ್ಬನದೇ ಟೆನರ್ ಸ್ಯಾಕ್ಸೊಫೋನು, ಮೂವತ್ತೊಂದು,
ಈಗ ಮಕ್ತುಮಸಾಬರ ಮಿಕ್ಸರ್ ರಿಪೇರಿ ಅಂಗಡಿಯಲ್ಲಿ
ಸುಟ್ಟ ಮೋಟರುಗಳ ಹಿಂದೆ.

“ಕರೇ ಲಕೋಟಿದು ಮೊದಲ ಕೇಳಬ್ಯಾಡ್ರಿ,
ಅದರಾಗ ಅಂವಾ ಭಾಳ ಶಾಣ್ಯಾ ಆಗ್ಯಾನ.
ಇದನ್ನ ಒಯ್ರಿ. ಎರಡನೇ ಮಗ್ಗಲು, ಮೂರನೇದು.
ನಡುವ ಒಂದ್ಕಡೆ ಊದೂದು ಬಿಟ್ಟು
ಬರೇ ಉಸುರು ತಗೋತಾನ.”

ರೊಕ್ಕ ಮುಟ್ಟಲಿಲ್ಲ.
“ಗೀರು ಬಿದ್ದದ. ಸೂಜಿ ಎತ್ತಬ್ಯಾಡ್ರಿ,
ಎಡವಿಕೋಂತನ ದಾಟಲಿ.”

ಧಾರವಾಡದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ.
ರಾತ್ರಿ, ಹೌದು, ಉಸಿರಿತ್ತು.
ಅದರ ಬೆನ್ನಿಗೇ ದೂರದಲ್ಲಿ
ನವಲೂರು ದಾಟುವ ಗೂಡ್ಸ್ ಗಾಡಿಯಂಥದೊಂದು ಸದ್ದು.
ಪ್ಲೇಟಿನೊಳಗಿನದೋ, ಹೊರಗಿನದೋ?
ಸೋಮವಾರ ಹೋಗಿ ಕೇಳಬೇಕು,
ಹಿಂದಕ್ಕೆ ಕೊಡದೆ.