ಬಟವಾಡೆ

ಜೆಪ್ಪುವಿನ ಹೆಂಚಿನ ಕಾರ್ಖಾನೆ ಕೆಡವಿದರು,
ಹೊಗೆಕೊಳವೆ ಮಾತ್ರ ಉಳಿಸಿಕೊಂಡರು, ಚಂದಕ್ಕೆ.
ಈಗ ಅದರ ಬುಡಕ್ಕೆ ಹಸಿರು ದೀಪ, ಸುತ್ತ ಕಾರಂಜಿ,
ನೆತ್ತಿಯಲ್ಲಿ ಹದ್ದಿನ ಗೂಡು.
ಹದಿನೆಂಟು ಮಹಡಿ. ನಾನು ಆರನೆಯದರಲ್ಲಿ,
ಸಂಘದ ಖಜಾಂಚಿ.

ಇದೇ ನೆಲ, ಅಂದಾಜು ಈಜುಕೊಳ ಇರುವಲ್ಲಿ,
ಶನಿವಾರ ಸಂಜೆ ಅಪ್ಪ ಮೇಜು ಹಾಕಿ ಕೂರುತ್ತಿದ್ದರು:
ಚಿಲ್ಲರೆಯ ಚೀಲ, ಶಾಯಿಯ ಪ್ಯಾಡು, ಹೆಬ್ಬೆಟ್ಟಿನ ಪುಸ್ತಕ.
ಆವೆಮಣ್ಣು ಹೊತ್ತ ಹೆಂಗಸರ ಸಾಲು
ಹೊಳೆಬದಿಯವರೆಗೂ ಹೋಗುತ್ತಿತ್ತಂತೆ.
ಆ ಸಾಲಿನ ಹುಡುಗಿ ವಾರಿಜ
ಈಗ ನಮ್ಮ ಮೆಟ್ಟಿಲು ಒರೆಸುವ ವಾರಿಜಕ್ಕ.

"ನಿಮ್ಮ ತಂದೆ ಒಮ್ಮೆ ನನ್ನ ಎಂಟಾಣೆ ಹಿಡಿದಿದ್ರು,
ಹಸಿ ಹೆಂಚು ಕೈಜಾರಿದ್ದಕ್ಕೆ," ಅಂದಳು
ಬಟ್ಟೆ ಹಿಂಡುತ್ತ, ಸಿಟ್ಟಿಲ್ಲದೆ.
"ಆದ್ರೆ ಭಟ್ಟಿಯಲ್ಲಿ ಬಿರಿದದ್ದು ಕೇಳಿದ್ರೆ ಕೊಡ್ತಿದ್ರು.
ನಮ್ಮ ಮಾಡು ಪೂರಾ ಬಿರುಕಿನದ್ದೇ.
ಆಟಿಯಲ್ಲಿ ನಾಲ್ಕು ಕಡೆ ಪಾತ್ರೆ ಇಡ್ಬೇಕು.
ಇದ್ರೂ, ಮಾಡು ಅಂತ ಒಂದು ಇತ್ತಲ್ಲ!"

ಅದು ಇದ್ದದ್ದು ಗೋಡೆಯಾಚೆ, ಈಗ ಕಾರು ನಿಲ್ಲಿಸುವಲ್ಲಿ.
ಅವಳೀಗ ನೇತ್ರಾವತಿಯಾಚೆ,
ತೊಕ್ಕೊಟ್ಟಿನಿಂದಲೂ ಒಳಗೆ, ಬಾಡಿಗೆಯ ಒಂಟಿ ಕೋಣೆ.
ಆಗ ಗಂಟೆ ಹೊಡೆದ ಮೇಲೆ ಓಡಿದರೂ ಸಾಕಿತ್ತು;
ಈಗ ಎರಡು ಬಸ್ಸು.
ಊರು ಬೆಳೆಯಿತು ಅನ್ನುತ್ತಾರೆ. ಎಷ್ಟು?
ಅವಳ ಟಿಕೇಟಿನಷ್ಟು.

ನಿನ್ನೆ ಮಹಾಸಭೆ. ನಿಧಿಯಲ್ಲಿ ಮಿಗತೆ.
ಶೆಣೈಯವರು ಗೋಡೆಯ ಮೇಲೆ ಚಾರ್ಟು ಬಿಟ್ಟರು:
ಚದರಡಿಯ ದರ ಏಳು ವರ್ಷದಲ್ಲಿ ದುಪ್ಪಟ್ಟು. ಚಪ್ಪಾಳೆ.
ಗೋಳಿಬಜೆ ಬಿಸಿಯಿತ್ತು, ಚಟ್ನಿ ಮುಗಿದಿತ್ತು.
ಗುತ್ತಿಗೆಯ ಐವರಿಗೆ ಬಸ್ಸಿನ ಖರ್ಚು ಕೊಡುವ ಮಾತು
ಪಟ್ಟಿಯ ಕೊನೆಯಲ್ಲಿ.
"ಅದು ಏಜೆನ್ಸಿಯ ತಲೆನೋವು," ಅಂದರು ಲೋಬೊ.
ಏಜೆನ್ಸಿ ಕೇಳಿದರೆ, ನಿಮ್ಮದು ಅನ್ನುತ್ತದೆ.
ನಾನು ಬರೆದೆ: ಮುಂದೂಡಲಾಗಿದೆ.
ದುಂಡಗಿನ ಅಕ್ಷರ, ಅಪ್ಪನದರ ಹಾಗೆಯೇ.

ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ:
ಕಾರಂಜಿಯ ತಿಂಗಳ ಕರೆಂಟು ಎಷ್ಟೋ
ಐವರ ಟಿಕೇಟು ಹೆಚ್ಚುಕಮ್ಮಿ ಅಷ್ಟೇ.
ಇಷ್ಟು ಸಣ್ಣ ಮೊತ್ತ ಎಂದೇ ನಾಚಿಕೆಯಾಯಿತು,
ದೊಡ್ಡದಿದ್ದರೆ ಕೈಮೀರಿದ್ದು ಅನ್ನಬಹುದಿತ್ತು.

ಕಾರ್ಖಾನೆಗಾದರೆ ಬಿರಿದದ್ದಾದರೂ ಇತ್ತು, ಕೊಡಲಿಕ್ಕೆ.
ನಮ್ಮಲ್ಲಿ ಯಾವುದೂ ಬಿರಿಯುವುದಿಲ್ಲ,
ಎಲ್ಲದಕ್ಕೂ ಹತ್ತು ವರ್ಷ ವಾರಂಟಿ.

ಬೆಳಿಗ್ಗೆ ಏಳೂಕಾಲು. ಲಿಫ್ಟು ತೆರೆದರೆ ವಾರಿಜಕ್ಕ,
ಬಳೆಯೊಳಗೆ ಮಡಚಿ ಸಿಕ್ಕಿಸಿದ ಎರಡು ಟಿಕೇಟು.
"ಆ ಎಂಟಾಣೆ ಆಮೇಲೆ ಕೊಟ್ರಾ, ಅಪ್ಪ?"
"ಯಾರಿಗೆ ನೆನಪುಂಟು," ಅಂದಳು.
"ಕಾಲು ಸ್ವಲ್ಪ ಬದಿಗಿಡಿ,
ನೆಲ ಹಸಿ ಉಂಟು."